ಕೆಂಪು ಶಾಯಿಯೂ ಇಂಗ್ಲಿಷಿನ ಪುಟ್ಟ ಪದಗಳೂ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದಿದ್ದರು. ಈಗ ಅವರು ಹೆಸರಾದ ವಕೀಲರು. ಮಗಳ ಮದುವೆ ಗೊತ್ತಾಗಿದೆ. ಲಗ್ನಪತ್ರಿಕೆಯ ಇಂಗ್ಲಿಷ್ ಕರಡನ್ನು ನನ್ನ ಕೈಗಿತ್ತು, "ಸಾರ್, ಇದನ್ನ ಒಂದ್ಸಲ ನೋಡಿಬಿಡಿ, ಆಮೇಲೆ ಅಚ್ಚಿಗೆ ಕೊಡ್ತೀನಿ. ಪ್ರಿಪೊಸಿಷನ್ ಅಂದ್ರೆ ನಂಗೆ ಇವತ್ತಿಗೂ ಭಯ" ಎಂದರು. ನಾನು ನಕ್ಕೆ. ಅವರೂ ನಕ್ಕರು. ಕಾಫಿ ಮುಗಿಯುವ ಹೊತ್ತಿಗೆ ಆ ಭಯದ ಮೂಲವನ್ನೂ ಹೇಳಿದರು. ಅದರ ಮೂಲ ನಾನೇ.

1978ನೆಯ ಇಸವಿ. ಅವರು ಹತ್ತನೆಯ ತರಗತಿಯಲ್ಲಿದ್ದರು. ಊರ ಕೆರೆಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಟದ ಪ್ರಬಂಧ ಬರೆಯುವಂತೆ ಹೇಳಿದ್ದೆ. ಹುಡುಗ ಚೆನ್ನಾಗಿಯೇ ಬರೆದಿದ್ದ. ಕೆರೆಯ ನೀರಿಗಾಗಿ ಮೂರು ಊರುಗಳ ನಡುವೆ ನಡೆದ ಜಗಳವನ್ನು ವರ್ಣಿಸುತ್ತ, 'ಬಿಟ್ವೀನ್ ತ್ರೀ ವಿಲೇಜಸ್' ಎಂದಿದ್ದ. ನಾನು ಕೆಂಪು ಶಾಯಿಯಲ್ಲಿ 'ಬಿಟ್ವೀನ್' ಪದವನ್ನು ಹೊಡೆದುಹಾಕಿ ಮೇಲೆ 'ಅಮಾಂಗ್' ಎಂದು ಬರೆದೆ. ಒಂದು ಅಂಕ ಕಳೆದೆ. ಅಷ್ಟಕ್ಕೆ ಸುಮ್ಮನಾಗದೆ ಆ ವಾಕ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ, "ಇಬ್ಬರಾದರೆ ಬಿಟ್ವೀನ್, ಮೂವರಾದರೆ ಅಮಾಂಗ್. ಎಷ್ಟು ಸಲ ಹೇಳಬೇಕು?" ಎಂದೆ. ಹುಡುಗರು ನಕ್ಕರು.

ಅವನು ಎದ್ದು ನಿಂತು ಹೇಳಿದ ಮಾತು ನನಗೆ ಪೂರ್ತಿ ಮರೆತುಹೋಗಿತ್ತು, ಅವರಿಗೆ ಮರೆತಿರಲಿಲ್ಲ. "ಸಾರ್, ಅಮಾಂಗ್ ಅಂದ್ರೆ ಎಲ್ಲಾ ಒಟ್ಟಿಗೆ ಗುಂಪಾಗಿರೋ ಹಾಗೆ ಕೇಳುತ್ತೆ. ಇಲ್ಲಿ ಒಂದೊಂದು ಊರಿನವರೂ ಇನ್ನೊಂದೊಂದು ಊರಿನವರ ಮೇಲೆ ಜಗಳಕ್ಕೆ ನಿಂತಿದ್ರು." ಅದಕ್ಕೆ ನಾನು ಕೊಟ್ಟ ಉತ್ತರ: "ನಿಯಮಕ್ಕೆ ಯಾಕೆ ಅಂತ ಕೇಳಬಾರದು. ಕೂತ್ಕೋ."

ಅಂದಿನಿಂದ ಇಂಗ್ಲಿಷಿನಲ್ಲಿ ಸ್ವಂತವಾಗಿ ಒಂದು ವಾಕ್ಯ ಬರೆಯಬೇಕಾದರೂ ಕೈ ತಡೆಯುತ್ತದೆಂದು ಅವರು ಹೇಳಿದರು. ನ್ಯಾಯಾಲಯಕ್ಕೆ ಸಲ್ಲಿಸುವ ಇಂಗ್ಲಿಷ್ ಅರ್ಜಿಗಳನ್ನು ಕಿರಿಯ ವಕೀಲರ ಕೈಯಲ್ಲಿ ಬರೆಯಿಸುತ್ತಾರಂತೆ. ಇದನ್ನೆಲ್ಲ ದೂರುವ ದನಿಯಲ್ಲಿ ಹೇಳಲಿಲ್ಲ. ತಮಾಷೆಯಾಗಿಯೇ ಹೇಳಿ ಹೊರಟರು. ನನಗೆ ಮಾತ್ರ ಆ ರಾತ್ರಿ ನಿದ್ರೆ ಹತ್ತಲಿಲ್ಲ. ಆ ನಿಯಮವನ್ನು ಮಾಡಿದವರು ಯಾರು, ಎಂದು ಮಾಡಿದರು, ಏಕೆ ಮಾಡಿದರು ಎಂಬ ಪ್ರಶ್ನೆಯನ್ನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದ ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಈಗ ಬಿಡುವು ಬೇಕಾದಷ್ಟಿದೆ. ಹುಡುಕಿದೆ, ಓದಿದೆ. ತಿಳಿದುಬಂದದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ವಾಕ್ಯದ ಕೊನೆಯ ಪದ

ಮೊದಲಿಗೆ ಎಲ್ಲಕ್ಕಿಂತ ಪ್ರಸಿದ್ಧವಾದ ನಿಷೇಧವನ್ನು ನೋಡೋಣ. ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದು ಎಂದು ನಾನು ನಿಮಗೆಲ್ಲ ಕಲಿಸಿದ್ದೇನೆ. ನಾನು ವಾಸಿಸುವ ಮನೆ ಎಂಬುದಕ್ಕೆ 'ದ ಹೌಸ್ ಐ ಲಿವ್ ಇನ್' ಎಂದರೆ ತಪ್ಪು, 'ದ ಹೌಸ್ ಇನ್ ವಿಚ್ ಐ ಲಿವ್' ಎಂದರೆ ಸರಿ ಎನ್ನುತ್ತಿದ್ದೆ. ಆದರೆ ಇಂಗ್ಲಿಷರು ಶತಮಾನಗಳಿಂದಲೂ ಮೊದಲನೆಯ ರೀತಿಯಲ್ಲೇ ಮಾತನಾಡುತ್ತಿದ್ದರು, ಬರೆಯುತ್ತಲೂ ಇದ್ದರು. ಶೇಕ್ಸ್‌ಪಿಯರನ ನಾಟಕಗಳಲ್ಲಿ ಇಂತಹ ವಾಕ್ಯಗಳಿಗೆ ಕೊರತೆಯಿಲ್ಲ.

ಈ ನಿಷೇಧಕ್ಕೆ ಕಾರಣವಾದುದು ಲ್ಯಾಟಿನ್. ಅಂದಿನ ಇಂಗ್ಲೆಂಡಿನಲ್ಲಿ 'ಗ್ರಾಮರ್ ಸ್ಕೂಲ್' ಎಂದರೆ ಲ್ಯಾಟಿನ್ ವ್ಯಾಕರಣವನ್ನು ಕಲಿಸುವ ಶಾಲೆ. ವಿದ್ಯಾವಂತನೆಂದರೆ ಲ್ಯಾಟಿನ್ ಬಲ್ಲವನು. ಆ ಭಾಷೆಯಲ್ಲಿ ಪ್ರಿಪೊಸಿಷನ್ ಎಂಬುದು ಸಾಮಾನ್ಯವಾಗಿ ನಾಮಪದದ ಮುಂದೆಯೇ ನಿಲ್ಲಬೇಕು. ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ಉಳಿಯಲಾರದು. 'ಮುಂದೆ ಇಡಲ್ಪಟ್ಟದ್ದು' ಎಂಬುದೇ ಆ ಹೆಸರಿನ ಅರ್ಥ. 1646ರಲ್ಲಿ ಜೋಶುವಾ ಪೂಲ್ ಎಂಬ ಶಾಲಾ ಉಪಾಧ್ಯಾಯ ಬರೆದ 'ದಿ ಇಂಗ್ಲಿಷ್ ಆಕ್ಸಿಡೆನ್ಸ್' ಪುಸ್ತಕದಲ್ಲಿ ಇಂಗ್ಲಿಷಿನಲ್ಲಿಯೂ ಪ್ರಿಪೊಸಿಷನ್ನನ್ನು ಮುಂದಕ್ಕೆ ತರಬೇಕೆಂಬ ಸೂಚನೆಯಿದೆ. ಮಕ್ಕಳಿಗೆ ಲ್ಯಾಟಿನ್ ಬೇಗ ಹತ್ತಲಿ ಎಂಬುದೇ ಆ ಪುಸ್ತಕದ ಉದ್ದೇಶವಾಗಿತ್ತು. ಹಾಗಾಗಿ ಆ ಸೂಚನೆಯೂ ಲ್ಯಾಟಿನ್ನಿಗೆ ಏರುವ ಒಂದು ಮೆಟ್ಟಿಲು ಮಾತ್ರ.

ಅದನ್ನು ಸಾಹಿತ್ಯದ ದೋಷವೆಂದು ಎತ್ತಿ ತೋರಿಸಿದವನು ಕವಿ ಜಾನ್ ಡ್ರೈಡನ್. 1672ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಆತ ಹಿಂದಿನ ತಲೆಮಾರಿನ ನಾಟಕಕಾರ ಬೆನ್ ಜಾನ್ಸನ್‌ನ 'ಕ್ಯಾಟಿಲೈನ್' ನಾಟಕದಿಂದ ಸಾಲೊಂದನ್ನು ಆರಿಸಿ, ಕೊನೆಯಲ್ಲಿ ಪ್ರಿಪೊಸಿಷನ್ ಬಂದಿರುವುದು ತಪ್ಪೆಂದು ಆಕ್ಷೇಪಿಸಿದ. ಇದೇ ದೋಷ ತನ್ನ ಬರಹಗಳಲ್ಲೂ ಇದೆಯೆಂದು ಒಪ್ಪಿಕೊಂಡ. ಬೆನ್ ಜಾನ್ಸನ್ ಆಗಲೇ ತೀರಿಕೊಂಡಿದ್ದ. ಉತ್ತರಿಸುವ ಅವಕಾಶ ಅವನಿಗಿರಲಿಲ್ಲ. ವಿಚಿತ್ರವೆಂದರೆ ಆ ಜಾನ್ಸನ್ ಸ್ವತಃ ಒಂದು ಇಂಗ್ಲಿಷ್ ವ್ಯಾಕರಣವನ್ನು ಬರೆದಿದ್ದವನು.

ಡ್ರೈಡನ್ ತನ್ನ ಮಾತಿಗೆ ತಾನೇ ಬದ್ಧನಾದನೆಂಬುದನ್ನು ಮೆಚ್ಚಬೇಕು. 1668ರಲ್ಲಿ ಅಚ್ಚಾಗಿದ್ದ ನಾಟಕಕಲೆಯ ಕುರಿತ ತನ್ನ ಪ್ರಬಂಧವನ್ನು 1684ರಲ್ಲಿ ಮರುಮುದ್ರಿಸುವಾಗ, ಕೊನೆಯಲ್ಲಿದ್ದ ಪ್ರಿಪೊಸಿಷನ್‌ಗಳನ್ನು ಹುಡುಕಿ ಹುಡುಕಿ ತಿದ್ದಿದ. ತನ್ನ ಇಂಗ್ಲಿಷ್ ವಾಕ್ಯ ಶುದ್ಧವೋ ಅಲ್ಲವೋ ಎಂಬ ಸಂಶಯ ಬಂದಾಗ ಅದನ್ನು ಲ್ಯಾಟಿನ್ನಿಗೆ ಅನುವಾದಿಸಿ ನೋಡುತ್ತೇನೆಂದು 1679ರಲ್ಲಿ ಆತ ಬರೆದಿದ್ದಾನೆ. ತಾಯಿನುಡಿಯ ವಾಕ್ಯವನ್ನು ಪರನುಡಿಯ ತಕ್ಕಡಿಯಲ್ಲಿ ತೂಗುವ ಈ ಅಭ್ಯಾಸದಲ್ಲೇ ಮುಂದಿನ ಕಥೆಯೆಲ್ಲ ಅಡಗಿದೆ.

ಒಬ್ಬನ ಅಭಿರುಚಿ, ಮತ್ತೊಬ್ಬನ ಶಾಸನ

ಡ್ರೈಡನ್‌ನದು ಒಬ್ಬ ಕವಿಯ ಅಭಿಪ್ರಾಯವಷ್ಟೆ. ಅದು ಶಾಲೆಯ ನಿಯಮವಾದುದು ಮುಂದಿನ ಶತಮಾನದಲ್ಲಿ. 1762ರಲ್ಲಿ ರಾಬರ್ಟ್ ಲೌತ್ ಎಂಬ ಪಾದ್ರಿ ಇಂಗ್ಲಿಷ್ ವ್ಯಾಕರಣದ ಒಂದು ಕಿರುಪರಿಚಯವನ್ನು ತನ್ನ ಹೆಸರು ಹಾಕದೆ ಪ್ರಕಟಿಸಿದ. ಆತ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕನಾಗಿದ್ದವನು, ಮುಂದೆ ಲಂಡನ್ನಿನ ಬಿಷಪ್ ಆದವನು. ಶೇಕ್ಸ್‌ಪಿಯರ್, ಮಿಲ್ಟನ್‌ರಂತಹವರ ಬರಹಗಳಿಂದಲೇ ದೋಷಗಳನ್ನು ಹೆಕ್ಕಿ ಅಡಿಟಿಪ್ಪಣಿಗಳಲ್ಲಿ ತೋರಿಸಿದ್ದರಿಂದ ಆ ಪುಸ್ತಕಕ್ಕೆ ದೊಡ್ಡ ಹೆಸರು ಬಂತು.

ವಾಕ್ಯಾಂತ್ಯದ ಪ್ರಿಪೊಸಿಷನ್ ಬಗ್ಗೆ ಲೌತ್ ಹೇಳಿದ್ದು ಮಾತ್ರ ಬಹಳ ಸೌಮ್ಯವಾಗಿದೆ. ಇಂಗ್ಲಿಷ್ ಭಾಷೆಗೆ ಈ ರೀತಿಯ ಒಲವು ಬಲವಾಗಿಯೇ ಇದೆ; ಮಾತುಕತೆಯಲ್ಲಿಯೂ ಸಲುಗೆಯ ಬರವಣಿಗೆಯಲ್ಲಿಯೂ ಅದು ಒಪ್ಪುತ್ತದೆ; ಗಂಭೀರವಾದ ಶೈಲಿಯಲ್ಲಿ ಪ್ರಿಪೊಸಿಷನ್ ಮುಂದೆ ಬಂದರೆ ಹೆಚ್ಚು ಚೆನ್ನ, ಎಂದಷ್ಟೆ ಆತನ ಅಭಿಪ್ರಾಯ. ತಪ್ಪು ಎಂಬ ಮಾತೇ ಅಲ್ಲಿಲ್ಲ. ಅಷ್ಟೇ ಅಲ್ಲ, ಈ ಒಲವನ್ನು ಹೇಳುವ ತನ್ನ ವಾಕ್ಯದಲ್ಲಿಯೇ ಆತ ಒಂದು 'ಟು' ಪದವನ್ನು ಹಾಗೆ ಹಿಂದೆ ಉಳಿಸಿದ್ದಾನೆ. ಬೇಕೆಂದೇ ಮಾಡಿದ ಸಣ್ಣ ವಿನೋದವಿರಬೇಕು.

ಇನ್ನು ಲಿಂಡ್ಲಿ ಮರ್ರೆ. ಅಮೆರಿಕದಲ್ಲಿ ಹುಟ್ಟಿ, ವಕೀಲಿಯಿಂದಲೂ ವ್ಯಾಪಾರದಿಂದಲೂ ಸಾಕಷ್ಟು ಗಳಿಸಿ, ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಬಳಿ ನೆಲೆಸಿದವನು. ಅಲ್ಲಿನ ಕ್ವೇಕರ್ ಪಂಥದ ಹೆಣ್ಣುಮಕ್ಕಳ ಶಾಲೆಯೊಂದಕ್ಕಾಗಿ 1795ರಲ್ಲಿ ವ್ಯಾಕರಣ ಪುಸ್ತಕವನ್ನು ಸಿದ್ಧಪಡಿಸಿದ. ಅದು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಗಿ, ಅಟ್ಲಾಂಟಿಕ್‌ನ ಎರಡೂ ದಡದ ಶಾಲೆಗಳಲ್ಲಿ ದೀರ್ಘಕಾಲ ಆಳಿತು. ಲೌತ್‌ನ ಮಾತುಗಳನ್ನು ಮರ್ರೆ ಬಹುಮಟ್ಟಿಗೆ ಹಾಗೆಯೇ ಎತ್ತಿಕೊಂಡಿದ್ದಾನೆ. ಒಂದನ್ನು ಮಾತ್ರ ಬದಲಿಸಿದ್ದಾನೆ: ಲೌತ್ ಕೊನೆಯಲ್ಲಿ ಉಳಿಸಿದ್ದ 'ಟು' ಪದವನ್ನು ಎತ್ತಿ ಮುಂದಿಟ್ಟು, ವಾಕ್ಯವನ್ನು 'ಶುದ್ಧ'ಗೊಳಿಸಿದ್ದಾನೆ. ಬಿಷಪ್‌ನ ವಿನೋದವನ್ನು ಪಠ್ಯಪುಸ್ತಕ ತಿದ್ದಿಬಿಟ್ಟಿತು. ಅಭಿರುಚಿ ಶಾಸನವಾಗುವುದು ಹೀಗೆ, ಒಂದೊಂದೇ ತಿದ್ದುಪಡಿಯಿಂದ.

ಆ ಕಾಲದಲ್ಲಿಯೇ ಬೇರೆ ದನಿಯೂ ಇತ್ತೆಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆಮ್ಲಜನಕದ ಶೋಧದಿಂದ ನಿಮಗೆಲ್ಲ ಪರಿಚಿತನಾದ ಜೋಸೆಫ್ ಪ್ರೀಸ್ಟ್ಲಿ ಮೊದಲು ಶಾಲಾ ಮೇಷ್ಟ್ರಾಗಿದ್ದ. ಲೌತ್‌ಗಿಂತ ಒಂದು ವರ್ಷ ಮೊದಲು, 1761ರಲ್ಲಿ, ಆತನೂ ಒಂದು ಇಂಗ್ಲಿಷ್ ವ್ಯಾಕರಣ ಬರೆದ. ಜನರ ಬಳಕೆಯೇ ಭಾಷೆಗೆ ನಿಜವಾದ ಪ್ರಮಾಣ ಎಂಬುದು ಆತನ ನಿಲುವು. ಪ್ರಯೋಗಶಾಲೆಯಲ್ಲಿ ಅನಿಲವನ್ನು ನೋಡಿದಂತೆಯೇ ಭಾಷೆಯನ್ನೂ ಮೊದಲು ಇದ್ದಂತೆ ನೋಡು ಎಂಬ ಮನೋಧರ್ಮ ಅದು. ಶಾಲೆಗಳಲ್ಲಿ ಗೆದ್ದದ್ದು ಮಾತ್ರ ಮರ್ರೆಯ ಪುಸ್ತಕ.

ಈ ನಿಷೇಧದ ಬಗ್ಗೆ ಚರ್ಚಿಲ್ ಹೆಸರಿನಲ್ಲಿ ಒಂದು ಹಾಸ್ಯಪ್ರಸಂಗ ಪ್ರಚಾರದಲ್ಲಿದೆ. ಯಾರೋ ಗುಮಾಸ್ತ ತಿದ್ದಿದ ವಾಕ್ಯಕ್ಕೆ ಉತ್ತರವಾಗಿ ಅವರು ಪ್ರಿಪೊಸಿಷನ್‌ಗಳನ್ನೆಲ್ಲ ಮುಂದಕ್ಕೆ ಎಳೆದು ನಗೆಪಾಟಲಾಗುವಂತಹ ವಾಕ್ಯ ಬರೆದರಂತೆ. ನಾನೂ ಅದನ್ನು ತರಗತಿಯಲ್ಲಿ ಹೇಳಿದ್ದೇನೆ. 1948ರಲ್ಲಿ ಅರ್ನೆಸ್ಟ್ ಗವರ್ಸ್ ತಮ್ಮ ಪುಸ್ತಕದಲ್ಲಿ ಅದನ್ನು 'ಹೀಗೆ ಹೇಳುತ್ತಾರೆ' ಎಂಬ ಎಚ್ಚರಿಕೆಯೊಡನೆಯೇ ಸೇರಿಸಿದರು. ಅದಕ್ಕೂ ಮುಂಚೆ, 1942ರಲ್ಲಿ ಅಚ್ಚಾದ ಅದೇ ಪ್ರಸಂಗದಲ್ಲಿ ಚರ್ಚಿಲ್ ಹೆಸರೇ ಇಲ್ಲ. ಆದುದರಿಂದ ಆ ಕಥೆಯನ್ನು ನನ್ನಿಂದ ಕೇಳಿದವರು ಚರ್ಚಿಲ್ ಹೆಸರನ್ನು ತೆಗೆದುಹಾಕಿಕೊಳ್ಳಬೇಕಾಗಿ ವಿನಂತಿ.

ಎಣ್ಣೆ ಎಂದರೆ ಎಳ್ಳೆಣ್ಣೆಯೇ?

ಈಗ ನನ್ನ ಕೆಂಪು ಗೆರೆಗೆ ಬರೋಣ. 'ಬಿಟ್ವೀನ್' ಪದದ ಹೊಟ್ಟೆಯಲ್ಲಿ 'ಎರಡು' ಇದೆಯೆಂಬುದು ನಿಜ. ಅದರ 'ಟ್ವೀನ್' ಭಾಗ 'ಟೂ', 'ಟ್ವೈನ್', 'ಟ್ವಿನ್' ಪದಗಳ ಬಳಗಕ್ಕೆ ಸೇರಿದ್ದು. ಆದ್ದರಿಂದ ಇಬ್ಬರಿಗೆ ಮಾತ್ರ ಅದನ್ನು ಬಳಸಬೇಕೆಂಬ ವಾದ ಹುಟ್ಟಿತು. ಸಾಮ್ಯುಯಲ್ ಜಾನ್ಸನ್ 1755ರ ತಮ್ಮ ಪ್ರಸಿದ್ಧ ನಿಘಂಟಿನಲ್ಲಿ, ಎರಡಕ್ಕೆ 'ಬಿಟ್ವೀನ್', ಹೆಚ್ಚಿನದಕ್ಕೆ 'ಅಮಾಂಗ್' ಎಂಬುದು ಸರಿಯಾದ ಪ್ರಯೋಗವೆಂದರು. ಜೊತೆಗೆ, ಈ ಕಟ್ಟುನಿಟ್ಟು ಎಲ್ಲ ಸಮಯದಲ್ಲಿಯೂ ಪಾಲನೆಯಾಗುತ್ತಿಲ್ಲವೇನೋ ಎಂದೂ ಪ್ರಾಮಾಣಿಕವಾಗಿ ಸೇರಿಸಿದರು. ನಮ್ಮ ಕೈಗೆ ಬಂದ ವ್ಯಾಕರಣ ಪುಸ್ತಕಗಳಲ್ಲಿ ಮೊದಲ ಮಾತು ಉಳಿಯಿತು, ಎರಡನೆಯದು ಉದುರಿಹೋಯಿತು.

ಪದದ ಹುಟ್ಟಿಗೇ ಅದರ ಅರ್ಥವನ್ನು ಕಟ್ಟಿಹಾಕಬೇಕೆಂದರೆ ಏನಾಗುತ್ತದೆಂಬುದಕ್ಕೆ ನಮ್ಮ ಅಡುಗೆಮನೆಯಲ್ಲೇ ಸಾಕ್ಷಿಯಿದೆ. ಎಣ್ಣೆ ಎಂಬುದು 'ಎಳ್' ಮತ್ತು 'ನೆಯ್' ಸೇರಿ ಆದ ಪದ. ಎಳ್ಳಿನ ಜಿಡ್ಡು ಎಂದರ್ಥ. ಸಂಸ್ಕೃತದ 'ತೈಲ'ವೂ ತಿಲದಿಂದ ಬಂದುದೇ. ಹಾಗೆಂದು ಕೊಬ್ಬರಿ ಎಣ್ಣೆ, ಹರಳೆಣ್ಣೆ, ಸೀಮೆಎಣ್ಣೆ ಎನ್ನುವವರಿಗೆಲ್ಲ ಅಂಕ ಕಳೆಯಲು ಸಾಧ್ಯವೇ? ಪದ ಹುಟ್ಟಿದ ಮನೆಯಲ್ಲೇ ಉಳಿಯುವುದಿಲ್ಲ.

ಈ ವಿಷಯವನ್ನು ಇತ್ಯರ್ಥ ಮಾಡಿದವರು ಮತ್ತೊಬ್ಬ ಮರ್ರೆ. ಮೇಲೆ ಹೇಳಿದವನಲ್ಲ, ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರೆ. ಸ್ಕಾಟ್ಲೆಂಡಿನ ಹಳ್ಳಿಯೊಂದರಲ್ಲಿ ದರ್ಜಿಯ ಮಗನಾಗಿ ಹುಟ್ಟಿ, ಹೆಚ್ಚು ಓದುವ ಅನುಕೂಲವಿಲ್ಲದೆ ಹದಿನಾಲ್ಕಕ್ಕೆ ಶಾಲೆ ಬಿಟ್ಟು, ಸ್ವಂತ ಶ್ರಮದಿಂದ ಹತ್ತಾರು ಭಾಷೆಗಳನ್ನು ಕಲಿತವರು. ಬಹುಕಾಲ ಶಾಲಾ ಉಪಾಧ್ಯಾಯರಾಗಿದ್ದರು. ಲಂಡನ್ ಬಳಿಯ ಮಿಲ್ ಹಿಲ್ ಶಾಲೆಯ ಅಂಗಳದಲ್ಲಿ ತಗಡಿನ ಶೆಡ್ಡು ಕಟ್ಟಿಸಿ, ಪಾಠದ ಜೊತೆಜೊತೆಗೇ ನಿಘಂಟಿನ ಕೆಲಸವನ್ನು ನಡೆಸಿದರು. ದೇಶದ ಮೂಲೆಮೂಲೆಯಿಂದ ಸ್ವಯಂಸೇವಕರು ಹಳೆಯ ಪುಸ್ತಕಗಳಿಂದ ಪ್ರಯೋಗಗಳನ್ನು ಚೀಟಿಗಳ ಮೇಲೆ ಬರೆದು ಕಳಿಸುತ್ತಿದ್ದರು. ಒಂದು ಪದ ಹೇಗಿರಬೇಕೆಂದು ಹೇಳುವ ಮೊದಲು ಅದು ಸಾವಿರ ವರ್ಷ ಹೇಗಿತ್ತೆಂದು ನೋಡುವುದು ಅವರ ವಿಧಾನ.

'ಬಿಟ್ವೀನ್' ಪದವಿರುವ ಭಾಗ 1887ರಲ್ಲಿ ಹೊರಬಂತು. ಅದರಲ್ಲಿ ಹೇಳಿರುವುದರ ಸಾರಾಂಶವಿಷ್ಟು: ಈ ಪದ ಬಳಕೆಗೆ ಬಂದ ಆರಂಭದಿಂದಲೂ ಎರಡಕ್ಕಿಂತ ಹೆಚ್ಚಿನದಕ್ಕೂ ಅನ್ವಯವಾಗಿದೆ. ಹಲವು ವಸ್ತುಗಳಲ್ಲಿ ಒಂದೊಂದಕ್ಕೂ ಬಿಡಿಬಿಡಿಯಾಗಿ ಇರುವ ಸಂಬಂಧವನ್ನು ಹೇಳಲು ಇದೇ ಪದ ಬೇಕು. 'ಅಮಾಂಗ್' ಎಂಬುದಾದರೋ ಅವನ್ನೆಲ್ಲ ಒಟ್ಟಾಗಿ, ಅಸ್ಪಷ್ಟವಾಗಿ ಒಂದು ಗುಂಪೆಂದು ಭಾವಿಸಿ ಹೇಳುವ ಪದ.

ಇದನ್ನು ಓದಿದಾಗ ನನ್ನ ಕೈ ನಡುಗಿತೆಂದರೆ ಉತ್ಪ್ರೇಕ್ಷೆಯಲ್ಲ. 1978ರಲ್ಲಿ ಹದಿನೈದು ವರ್ಷದ ಹುಡುಗ ಎದ್ದು ನಿಂತು ಹೇಳಿದ್ದು ಇದನ್ನೇ ಅಲ್ಲವೇ? ಎಲ್ಲಾ ಗುಂಪಾಗಿರುವಂತೆ ಕೇಳುತ್ತದೆ, ಆದರೆ ಜಗಳ ಒಂದೊಂದು ಊರಿಗೂ ಇನ್ನೊಂದೊಂದು ಊರಿಗೂ ನಡುವಿನದು. ಆಕ್ಸ್‌ಫರ್ಡ್ ನಿಘಂಟನ್ನು ಅವನು ಕಣ್ಣಿನಿಂದಲೂ ಕಂಡಿರಲಿಲ್ಲ. ಕಿವಿಯಿಂದ ಕಂಡುಕೊಂಡಿದ್ದ. ಅದಕ್ಕೆ ನಾನು ಒಂದು ಅಂಕ ಕಳೆದೆ.

ಅದಕ್ಕಿಂತ ಬೇರೆ, ಅದರಿಂದ ಬೇರೆ

ಮೂರನೆಯದು 'ಡಿಫರೆಂಟ್' ಪದದ ಮುಂದಿನ ಪ್ರಿಪೊಸಿಷನ್. 'ಡಿಫರೆಂಟ್ ಫ್ರಮ್' ಮಾತ್ರ ಸರಿ, 'ಟು' ಎಂದರೂ 'ದ್ಯಾನ್' ಎಂದರೂ ತಪ್ಪು ಎಂದು ಕಲಿಸಿದವನು ನಾನು. ನಮ್ಮ ಹುಡುಗರು 'ದ್ಯಾನ್' ಎಂದೇ ಬರೆಯುತ್ತಿದ್ದರು. ಅದಕ್ಕೆ ಕಾರಣವೂ ಸ್ಪಷ್ಟ. ಕನ್ನಡದಲ್ಲಿ ನಾವು 'ಅದಕ್ಕಿಂತ ಬೇರೆ' ಎನ್ನುತ್ತೇವೆ. 'ಅದರಿಂದ ಬೇರೆ' ಎಂದೂ ಅನ್ನುತ್ತೇವೆ. ಎರಡನ್ನೂ ಯಾವ ಪಂಡಿತರೂ ತಿದ್ದಿದ್ದಿಲ್ಲ.

ಇಂಗ್ಲಿಷಿನಲ್ಲಿಯೂ ಮೂರೂ ರೂಪಗಳು ಹಳೆಯವೇ. 'ಟು' ಮತ್ತು 'ಫ್ರಮ್' ಎರಡೂ ಹದಿನಾರನೆಯ ಶತಮಾನದಲ್ಲೇ ಕಾಣುತ್ತವೆ; 'ದ್ಯಾನ್' ಹದಿನೇಳನೆಯದರಲ್ಲಿ. 'ದ್ಯಾನ್' ಇಂಗ್ಲಿಷೇ ಅಲ್ಲವೆಂದು 1770ರಲ್ಲಿ ರಾಬರ್ಟ್ ಬೇಕರ್ ಎಂಬಾತ ಆಕ್ಷೇಪಿಸಿದ. ಮುಂದೆ 'ಟು' ಕೂಡ ತಪ್ಪಿನ ಪಟ್ಟಿಗೆ ಸೇರಿತು. 'ಡಿಫರ್ ಫ್ರಮ್' ಎಂಬ ಕ್ರಿಯಾಪದವಿರುವಾಗ ವಿಶೇಷಣಕ್ಕೂ 'ಫ್ರಮ್' ಬರಬೇಕು ಎಂಬುದು ಅವರ ತರ್ಕ. ಆ ತರ್ಕವನ್ನು ಹಿಡಿದು ಹೊರಟರೆ, 'ಅಕಾರ್ಡ್ ವಿತ್' ಎನ್ನುವವರು 'ಅಕಾರ್ಡಿಂಗ್ ವಿತ್' ಎನ್ನಬೇಕಾಗುತ್ತದೆ. ಯಾರೂ ಹಾಗೆನ್ನುವುದಿಲ್ಲ, 'ಅಕಾರ್ಡಿಂಗ್ ಟು' ಎಂದೇ ಎಲ್ಲರೂ ಬರೆಯುತ್ತಾರೆ.

ಈ ತರ್ಕವನ್ನು ಮೂಢನಂಬಿಕೆಯೆಂದು ಕರೆದವರು ಹೆನ್ರಿ ಫೌಲರ್. ಅವರೂ ಹದಿನೇಳು ವರ್ಷ ಶಾಲಾ ಮೇಷ್ಟ್ರು. ಧಾರ್ಮಿಕ ದೀಕ್ಷೆಗೆ ಹುಡುಗರನ್ನು ಸಿದ್ಧಗೊಳಿಸಲು ತಮ್ಮ ಮನಸ್ಸಾಕ್ಷಿ ಒಪ್ಪದೆಂಬ ಕಾರಣಕ್ಕೆ ಬಡ್ತಿಯನ್ನು ನಿರಾಕರಿಸಿ, 1899ರಲ್ಲಿ ಕೆಲಸವನ್ನೇ ಬಿಟ್ಟವರು. ತಮ್ಮ ಫ್ರಾನ್ಸಿಸ್‌ನೊಡನೆ ಭಾಷಾಪ್ರಯೋಗದ ಗ್ರಂಥವೊಂದನ್ನು ಯೋಜಿಸಿದರು. ಮಹಾಯುದ್ಧದಲ್ಲಿ ಹೆನ್ರಿ ವಯಸ್ಸು ಮುಚ್ಚಿಟ್ಟು ತಮ್ಮನೊಡನೆ ಸೈನ್ಯಕ್ಕೆ ಸೇರಿದರು. 1918ರಲ್ಲಿ ಫ್ರಾನ್ಸಿಸ್ ಕ್ಷಯದಿಂದ ತೀರಿಕೊಂಡರು. ಅಣ್ಣ ಒಬ್ಬರೇ ಕುಳಿತು ಮುಗಿಸಿ, ತಮ್ಮನಿಗೆ ಅರ್ಪಿಸಿದ ಆ ಗ್ರಂಥ 1926ರಲ್ಲಿ ಪ್ರಕಟವಾಯಿತು. 'ಡಿಫರೆಂಟ್' ನಂತರ 'ಫ್ರಮ್' ಮಾತ್ರವೇ ಬರಬೇಕೆಂಬುದೂ, ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಬರಬಾರದೆಂಬುದೂ ಎರಡೂ ಮೂಢನಂಬಿಕೆಗಳೇ ಎಂದು ಅದರಲ್ಲಿ ಬರೆದರು.

ಆದರೆ ಫೌಲರ್ ಕೂಡ ಮನುಷ್ಯರೇ. 'ಡ್ಯೂ ಟು' ಎಂಬುದನ್ನು 'ಓಯಿಂಗ್ ಟು' ಎಂಬಂತೆ ಬಳಸುವುದು ಓದುಬರಹವಿಲ್ಲದವರ ರೀತಿಯೆಂದು ಗದರಿಸಿದವರೂ ಅವರೇ. ಕಾಲ ಅವರ ಮಾತನ್ನು ಕೇಳಲಿಲ್ಲ. 1957ರ ಅಕ್ಟೋಬರ್ 14ರಂದು ರಾಣಿ ಎರಡನೆಯ ಎಲಿಜಬೆತ್ ಕೆನಡಾದ ಸಂಸತ್ತನ್ನು ಉದ್ಘಾಟಿಸಿ, ಧಾನ್ಯ ಮಾರಲಾಗದ ರೈತರ ಕಷ್ಟವನ್ನು ಹೇಳುವಾಗ ಅದೇ 'ಡ್ಯೂ ಟು' ಬಂದಿತು. 1965ರಲ್ಲಿ ಫೌಲರ್ ಗ್ರಂಥವನ್ನು ಪರಿಷ್ಕರಿಸಿದ ಗವರ್ಸ್ ಆ ಭಾಷಣವನ್ನೇ ಉದಾಹರಿಸಿ, ಈಗ ಇದು ರಾಣಿಯ ಇಂಗ್ಲಿಷೇ ಆಯಿತೆಂದು ತಮಾಷೆ ಮಾಡಿದರು. ಮೂಢನಂಬಿಕೆಗಳನ್ನು ಹಿಡಿದು ತೋರಿಸಿದವರ ಜೇಬಿನಲ್ಲಿಯೂ ಒಂದೆರಡು ಉಳಿದಿರುತ್ತವೆ.

ನಮಗೇಕೆ ಅದು ಹೆಚ್ಚು ಬಿಗಿಯಾಯಿತು

ಇಂಗ್ಲೆಂಡಿನ ಮಗುವಿಗೆ ಶಾಲೆಯಲ್ಲಿ ಇಂತಹ ನಿಷೇಧವನ್ನು ಕಲಿಸಿದರೂ ಮನೆಯಲ್ಲಿ ತಾಯಿ, ಬೀದಿಯಲ್ಲಿ ಗೆಳೆಯರು ಅದನ್ನು ದಿನವೂ ಮುರಿದು ತೋರಿಸುತ್ತಿದ್ದರು. ಪುಸ್ತಕದ ಬಿಗಿಯನ್ನು ಬದುಕು ಸಡಿಲಿಸುತ್ತಿತ್ತು. ನಮಗೆ ಆ ಭಾಷೆ ಪುಸ್ತಕದಿಂದಲೇ ಬಂತು. ನೆಸ್‌ಫೀಲ್ಡ್‌ನ ವ್ಯಾಕರಣ, ಆಮೇಲೆ ರೆನ್ ಮತ್ತು ಮಾರ್ಟಿನ್. (ಆ ರೆನ್ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದವರು, 1924ರಲ್ಲಿ ಬಂದ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿಯ ಕರ್ತೃವೂ ಹೌದು.) ಆ ಪುಸ್ತಕಗಳ ಉಪಕಾರವನ್ನು ನಾನು ಮರೆಯಲಾರೆ, ನನ್ನ ಅನ್ನ ಅವುಗಳಿಂದಲೇ. ಆದರೆ ಪುಸ್ತಕದಾಚೆಗೆ ಕಿವಿಗೊಡಲು ನಮಗೆ ಬೇರೊಂದು ಇಂಗ್ಲಿಷ್ ಇರಲಿಲ್ಲ. ಹಾಗಾಗಿ ಯಾರದೋ ಅಭಿರುಚಿ ನಮ್ಮ ಹಳ್ಳಿಯ ಶಾಲೆಗೆ ಬರುವ ಹೊತ್ತಿಗೆ ವೇದವಾಕ್ಯವಾಗಿತ್ತು. ಲಂಡನ್ನಿನ ಮೇಷ್ಟ್ರಿಗಿಂತ ನಾವೇ ಹೆಚ್ಚು ಮಡಿವಂತರಾದೆವು.

ಇದು ಇಂಗ್ಲಿಷಿನ ಕಥೆ ಮಾತ್ರವೂ ಅಲ್ಲ. ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ ಎಂದು ನಾವೆಲ್ಲ ಬಾಯಿಪಾಠ ಮಾಡಿದ ವಿಭಕ್ತಿ ಪಟ್ಟಿಯನ್ನು ನೆನೆಯಿರಿ. ಪಂಚಮಿಗೆ 'ದೆಸೆಯಿಂದ'. ಮರದ ದೆಸೆಯಿಂದ ಹಣ್ಣು ಬಿತ್ತು ಎಂದು ಯಾರ ಮನೆಯಲ್ಲಿ ಹೇಳುತ್ತಾರೆ? ಮರದಿಂದ ಬಿತ್ತು ಎನ್ನುತ್ತೇವೆ. ಅದು ತೃತೀಯೆಯ 'ಇಂದ' ತಾನೇ. ಸಂಸ್ಕೃತದಲ್ಲಿ ಪಂಚಮಿ ಇದೆಯಾದ್ದರಿಂದ ಕನ್ನಡದಲ್ಲಿಯೂ ಆ ಕೋಣೆ ಖಾಲಿ ಬಿಡಬಾರದೆಂದು 'ದೆಸೆಯಿಂದ' ಎಂಬುದನ್ನು ತಂದು ಕೂರಿಸಿದಂತಿದೆ. ಕನ್ನಡವನ್ನು ಸಂಸ್ಕೃತದ ಅಚ್ಚಿನಲ್ಲಿ ಹೊಯ್ಯಬಾರದೆಂದು ಡಿ. ಎನ್. ಶಂಕರ ಭಟ್ಟರು 2000ದಲ್ಲಿ ಬಂದ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಪುಸ್ತಕದಲ್ಲಿ ವಾದಿಸಿದಾಗ ನಮ್ಮಲ್ಲಿ ಅನೇಕರು ಸಿಟ್ಟಾದೆವು. ಡ್ರೈಡನ್‌ನ ಲ್ಯಾಟಿನ್ ತಕ್ಕಡಿಯ ಕಥೆ ಓದಿದ ಮೇಲೆ ಆ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ.

ಹಾಗಾದರೆ ನಿಯಮವೇ ಬೇಡವೇ?

ಇಷ್ಟು ಓದಿ, 'ಮೇಷ್ಟ್ರು ವಯಸ್ಸಾದ ಮೇಲೆ ಎಲ್ಲ ಬಿಟ್ಟುಬಿಟ್ಟರು' ಎಂದುಕೊಳ್ಳಬೇಡಿ. 'ಡಿಸ್ಕಸ್ ಅಬೌಟ್' ಎಂದರೆ ಇಂದಿಗೂ ನನ್ನ ಕೈ ಕೆಂಪು ಪೆನ್ನಿಗೆ ಹೋಗುತ್ತದೆ. 'ಬಗ್ಗೆ ಚರ್ಚಿಸು' ಎಂಬ ನಮ್ಮ ರೂಢಿಯ ನೆರಳು ಅದು. 'ಮ್ಯಾರೀಡ್ ವಿತ್' ಅಲ್ಲ, 'ಮ್ಯಾರೀಡ್ ಟು'. 'ಡಿಪೆಂಡ್' ಎಂಬುದಕ್ಕೆ 'ಆನ್' ಬೇಕು. ಇವನ್ನು ಯಾವ ಬಿಷಪ್ಪನೂ ಕವಿಯೂ ಕೂತು ವಿಧಿಸಿದ್ದಲ್ಲ. ಆ ಭಾಷೆಯನ್ನಾಡುವ ಜನ ತಲೆಮಾರುಗಳಿಂದ ಹಾಗೆ ಆಡಿ ಆಡಿ ಆದವು. ಇವಕ್ಕೆ ಜನ್ಮದಿನವಿಲ್ಲ. ನಾನು ಮೇಲೆ ಹೇಳಿದ ನಿಷೇಧಗಳಿಗಾದರೋ ಇಸವಿಯಿದೆ, ಆಕ್ಷೇಪಿಸಿದವರ ಹೆಸರಿದೆ, ಅವರವರ ಕಾರಣವಿದೆ. ಒಂದು ಜನರ ರೂಢಿ, ಇನ್ನೊಂದು ಯಾರೋ ಒಬ್ಬರ ಇಷ್ಟ. ಎರಡನ್ನೂ ಒಂದೇ ಶಾಯಿಯಲ್ಲಿ ತಿದ್ದಿದ್ದು ನನ್ನ ತಪ್ಪು.

ಮೊಮ್ಮಕ್ಕಳಿಗೆ ಪಾಠ ಹೇಳಿಕೊಡುತ್ತಿರುವವರಿಗೆ ಒಂದು ಲೋಕವ್ಯವಹಾರದ ಮಾತು. ಪರೀಕ್ಷೆಯಲ್ಲಿ 'ಡಿಫರೆಂಟ್ ಫ್ರಮ್' ಎಂದೇ ಬರೆಯಲಿ. ಅದನ್ನು ತಪ್ಪೆನ್ನುವವರು ಲೋಕದಲ್ಲಿ ಯಾರೂ ಇಲ್ಲ. ಉಳಿದವನ್ನು ತಪ್ಪೆನ್ನುವವರು ಇನ್ನೂ ಇದ್ದಾರೆ. 2024ರ ಫೆಬ್ರವರಿಯಲ್ಲಿ ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ವಾಕ್ಯದ ಕೊನೆಯಲ್ಲಿ ಪ್ರಿಪೊಸಿಷನ್ ಇರಬಹುದೆಂದು ಇನ್‌ಸ್ಟಾಗ್ರಾಮ್‌ನಲ್ಲಿ ಬರೆದಾಗ ಎಷ್ಟೋ ಜನ ಸಿಟ್ಟಾಗಿ ವಾದಕ್ಕಿಳಿದರು. ಡ್ರೈಡನ್ ಬರೆದು ಮುನ್ನೂರೈವತ್ತು ವರ್ಷಗಳು ಕಳೆದಿವೆ! ಆದರೆ ಮಗು 'ಇದು ಯಾಕೆ ತಪ್ಪು?' ಎಂದು ಕೇಳಿದರೆ ದಯವಿಟ್ಟು 'ಯಾಕೆ ಅಂತ ಕೇಳಬಾರದು' ಎನ್ನಬೇಡಿ. ಗೊತ್ತಿಲ್ಲದಿದ್ದರೆ 'ನೋಡೋಣ' ಎನ್ನಿ. ಆ ಒಂದು ಪದವನ್ನು ನಾನು 1978ರಲ್ಲಿ ಹೇಳಿದ್ದರೆ ಸಾಕಾಗಿತ್ತು.

ಮೊನ್ನೆ ಆ ವಕೀಲರಿಗೆ ದೂರವಾಣಿ ಮಾಡಿ, ಜೇಮ್ಸ್ ಮರ್ರೆ ಬರೆದದ್ದನ್ನು ಓದಿ ಹೇಳಿದೆ. "ನಿನ್ನ ಒಂದು ಅಂಕ ನನ್ನ ಹತ್ತಿರ ಬಾಕಿ ಇದೆಯಪ್ಪ. ತಪ್ಪು ನನ್ನದು" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಸಾರ್, ಆ ಕೆರೆ ನೀರಿನ ಜಗಳ ಈಗಲೂ ಕೋರ್ಟಲ್ಲಿದೆ. ನಮ್ಮೂರಿನ ಪರ ನಾನೇ ನಿಂತಿದ್ದೀನಿ. ಮುಂದಿನ ಅರ್ಜಿಯಲ್ಲಿ ಬಿಟ್ವೀನ್ ಅಂತಾನೇ ಹಾಕ್ತೀನಿ. ನಾನೇ ಬರೀತೀನಿ" ಎಂದರು.

ನನ್ನ ಕೆಂಪು ಗೆರೆಗಳನ್ನು ಇನ್ನೂ ನೆನಪಿಟ್ಟಿರುವವರು ನಿಮ್ಮಲ್ಲಿ ಬೇರೆಯವರೂ ಇರಬಹುದು. ಸಂಕೋಚವಿಲ್ಲದೆ ಬರೆಯಿರಿ. ತಪ್ಪು ನನ್ನದಾಗಿದ್ದರೆ ಅಂಕ ಮರಳಿಸುತ್ತೇನೆ. 'ಡಿಸ್ಕಸ್ ಅಬೌಟ್' ಎಂದು ಬರೆದವರು ಮಾತ್ರ ದಯವಿಟ್ಟು ಕೇಳಬೇಡಿ.